ಮೊದಲು ಬೀಗ, ಆಮೇಲೆ ಬೀಗದಕೈ: ಮೆಟ್ರಾಯ್ಡ್‌ವೇನಿಯಾ ಗೇಮ್‌ಗಳ ನಲವತ್ತು ವರ್ಷ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಬಾಯಿತಪ್ಪಿ ಹೇಳಿದ್ದನ್ನು ಸರಿಮಾಡಿ ಇಲ್ಲಿ ಬರೆದಿದ್ದೇನೆ. ಆಫೀಸ್ ಬಸ್ಸಲ್ಲಿ ಕೂತು ಓದುವವರಿಗೆ ಅನುಕೂಲ ಆಗಲಿ ಅಂತ.

ವಿಷಯಕ್ಕೆ ಬರುವ ಮೊದಲು ಒಂದು ತಪ್ಪೊಪ್ಪಿಗೆ. ಕಳೆದ ದಸರಾ ರಜೆಗೆ ದಾವಣಗೆರೆಯಿಂದ ನನ್ನ ಅಕ್ಕನ ಮಗ ಪುಣೆಗೆ ಬಂದಿದ್ದ. ಏಳನೇ ಕ್ಲಾಸಿನ ಹುಡುಗ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಲೋ ನೈಟ್ ಹಾಕಿಕೊಟ್ಟೆ. ಆ ಗೇಮ್‌ನ ಶುರುವಿನಲ್ಲೇ ಒಂದು ಕಡೆ ದಾರಿಗೆ ಅಡ್ಡವಾಗಿ ದೊಡ್ಡ ದುಂಡನೆಯ ಹುಳ ಕೂತಿರುತ್ತೆ. ಎಲ್ಡರ್ ಬಾಲ್ಡರ್ ಅಂತ ಅದರ ಹೆಸರು. ಕೈಯಲ್ಲಿರುವ ಪುಟ್ಟ ಕತ್ತಿಯಿಂದ ಎಷ್ಟು ಹೊಡೆದರೂ ಅದು ಮುದುಡಿಕೊಂಡು ಹಾಗೇ ಕೂತಿರುತ್ತೆ. ಹುಡುಗ ಐದು ನಿಮಿಷ ಹೊಡೆದ. ನನಗೆ ತಡೆಯೋಕೆ ಆಗಲಿಲ್ಲ. "ಅದಕ್ಕೆ ಒಂದು ಮಂತ್ರ ಬೇಕು ಕಣೋ, ವಾಪಸ್ ಹೋಗು, ಅಲ್ಲಿ ಇಳಿ, ಆ ಗುಹೆಯೊಳಗೆ ಒಬ್ಬ ಶಾಮನ್ ಇದ್ದಾನೆ, ಅವನು ಕೊಡ್ತಾನೆ" ಅಂದೆ. ಅವನು ಹೋಗಿ ತಂದ. ಮುಂದೆ ಮತ್ತೊಂದು ಕಡೆ ನಿಂತ, ಮತ್ತೆ ಹೇಳಿದೆ. ಮೂರನೇ ದಿನ ಅವನೇ ಕಂಟ್ರೋಲರ್ ನನ್ನ ಕೈಗೆ ಕೊಟ್ಟು, "ಮಾಮ, ನೀನೇ ಆಡು, ನಾನು ನೋಡ್ತೀನಿ" ಅಂದ.

ಅವತ್ತಿನಿಂದ ಈ ಪ್ರಶ್ನೆ ತಲೆಯಲ್ಲಿ ಕೊರೀತಾ ಇದೆ. ನಾನು ಅವನಿಗೆ ಸಹಾಯ ಮಾಡಿದ್ದೆ ಅಂದುಕೊಂಡಿದ್ದೆ. ನಿಜಕ್ಕೂ ಅವನಿಂದ ಏನನ್ನು ಕಿತ್ತುಕೊಂಡೆ? ಅದನ್ನು ತಿಳಿಯೋಕೆ ಈ ಜಾತಿಯ ಗೇಮ್‌ಗಳು ಹೇಗೆ ಹುಟ್ಟಿದವು, ಆಟಗಾರನನ್ನು ಎಷ್ಟು ಹೊತ್ತು ಅಲೆಸಬೇಕು, ಯಾವಾಗ ಬಾಗಿಲು ತೆಗೀಬೇಕು ಅನ್ನೋ ಹದವನ್ನು ಯಾರು ಯಾರು ಹೇಗೆ ಕಂಡುಕೊಂಡರು ಅಂತ ನೋಡೋಣ.

ಬಲಕ್ಕೆ ಮಾತ್ರ ಓಡುತ್ತಿದ್ದ ಕಾಲ

ನನ್ನ ವಯಸ್ಸಿನವರಿಗೆ ನೆನಪಿರುತ್ತೆ: ಹಬ್ಬಕ್ಕೋ ಪರೀಕ್ಷೆ ಪಾಸಾಗಿದ್ದಕ್ಕೋ ಅಪ್ಪ ತಂದುಕೊಡುತ್ತಿದ್ದ "ಟಿವಿ ಗೇಮ್". ಹಳದಿ ಕ್ಯಾಸೆಟ್ ಮೇಲೆ ಲಕ್ಷಗಟ್ಟಲೆ ಗೇಮ್ ಇದೆ ಅಂತ ಬರೆದಿರುತ್ತಿತ್ತು, ಒಳಗೆ ನಿಜವಾಗಿ ಇರುತ್ತಿದ್ದದ್ದು ಹತ್ತಿಪ್ಪತ್ತು. ಓಡದೆ ಇದ್ದರೆ ಉಫ್ ಅಂತ ಊದಿ ಹಾಕೋದು. ಅವೆಲ್ಲ ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಯಂತ್ರದ ನಕಲುಗಳು ಅಂತ ನಮಗೆ ಆಗ ಗೊತ್ತಿರಲಿಲ್ಲ.

ಅದರಲ್ಲಿ ಎಲ್ಲರೂ ಆಡಿದ್ದು ಮಾರಿಯೋ. 1985ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್. ಅದರ ಒಂದು ನಿಯಮ ಗಮನಿಸಿ: ಪರದೆ ಬಲಕ್ಕೆ ಮಾತ್ರ ಸರಿಯುತ್ತೆ. ಒಮ್ಮೆ ದಾಟಿದ ಜಾಗಕ್ಕೆ ವಾಪಸ್ ಹೋಗೋಕೆ ಆಗಲ್ಲ. ಎಡಗಡೆಯ ಅಂಚೇ ಗೋಡೆ. ನೀವು ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆಯೇ ಅಲ್ಲಿ ಹುಟ್ಟಲ್ಲ. ಹೇಗೆ ಹೋಗಬೇಕು ಅನ್ನೋದಷ್ಟೇ ಪ್ರಶ್ನೆ. ಅಂಥ ಗೇಮ್‌ನಲ್ಲಿ ವೇಗದ ಹದ ಕಾಯೋದು ಡಿಸೈನರ್‌ಗೆ ಸುಲಭ. ಒಂದನೇ ಲೆವೆಲ್ ಸುಲಭ, ಎರಡನೆಯದು ಸ್ವಲ್ಪ ಕಷ್ಟ, ಎಂಟನೆಯದು ತುಂಬಾ ಕಷ್ಟ.

1986: ಎಡಕ್ಕೆ ಹೋಗಿ ನೋಡು

ಒಂದೇ ವರ್ಷದ ಒಳಗೆ, 1986ರ ಆಗಸ್ಟ್ 6ರಂದು, ಅದೇ ನಿಂಟೆಂಡೊದ ಮತ್ತೊಂದು ತಂಡ ಮೆಟ್ರಾಯ್ಡ್ ಬಿಡುಗಡೆ ಮಾಡಿತು. ನಾಯಕಿ ಸೇಮಸ್ ಆರಾನ್. ಜ಼ೆಬಿಸ್ ಅನ್ನೋ ಗ್ರಹದ ಒಳಗೆ ಗುಹೆಗಳ ಜಾಲ. ಗೇಮ್ ಶುರುವಾದಾಗ ಮಾರಿಯೋ ಆಡಿದ ಕೈ ತಾನಾಗೇ ಬಲಕ್ಕೆ ಹೋಗುತ್ತೆ. ಸ್ವಲ್ಪ ದೂರ ಹೋದರೆ ಒಂದು ತಗ್ಗಾದ ಸಂದಿ, ಮುಂದೆ ಹೋಗೋಕೆ ಆಗಲ್ಲ. ಆಗ ವಾಪಸ್ ಬಂದು ಶುರುವಾದ ಜಾಗದಿಂದ ಎಡಕ್ಕೆ ಹೋದರೆ ಸೇಮಸ್‌ಳನ್ನು ಚೆಂಡಿನಂತೆ ಉರುಳುವ ಹಾಗೆ ಮಾಡುವ ವಸ್ತು ಸಿಗುತ್ತೆ. ಜಪಾನಿನಲ್ಲಿ ಮರು ಮರಿ, ಆಮೇಲೆ ಎಲ್ಲರೂ ಮಾರ್ಫ್ ಬಾಲ್ ಅಂತ ಕರೆದದ್ದು ಅದನ್ನೇ. ಅದನ್ನು ಹಿಡಿದು ಮತ್ತೆ ಬಲಕ್ಕೆ ಬಂದರೆ ಅದೇ ಸಂದಿಯಲ್ಲಿ ಉರುಳಿಕೊಂಡು ದಾಟಬಹುದು.

ಒಂದು ನಿಮಿಷದ ಪಾಠ ಇದು. ಬಾಯಿಮಾತಿನ ವಿವರಣೆ ಇಲ್ಲ, ಬಾಣದ ಗುರುತಿಲ್ಲ. ಮೊದಲು ಬೀಗ ಕಣ್ಣಿಗೆ ಬಿತ್ತು, ಆಮೇಲೆ ಬೀಗದಕೈ ಸಿಕ್ಕಿತು, ಆಮೇಲೆ ಬೀಗ ನೆನಪಾಯಿತು. ಮುಂದೆ ಬಂದ ಈ ಜಾತಿಯ ಗೇಮ್‌ಗಳೆಲ್ಲ ಈ ಮೂರು ಹೆಜ್ಜೆಯನ್ನೇ ಬೇರೆ ಬೇರೆ ಉದ್ದಕ್ಕೆ ಎಳೆದಿವೆ.

ಆದರೆ ಮೊದಲ ಮೆಟ್ರಾಯ್ಡ್ ಹದ ತಪ್ಪಿದ ಗೇಮ್ ಕೂಡ ಹೌದು. ಮ್ಯಾಪ್ ಇಲ್ಲ. ಜಪಾನಿನಲ್ಲಿ ಅದು ಬಂದದ್ದು ಫ್ಯಾಮಿಕಾಮ್‌ನ ಡಿಸ್ಕ್ ಮೇಲೆ. ಆ ಡಿಸ್ಕ್‌ನ ಎರಡೂ ಬದಿ ಸೇರಿ ಹಿಡಿಯುತ್ತಿದ್ದದ್ದು 112 ಕೆಬಿ. ಇವತ್ತು ಫ್ಯಾಮಿಲಿ ಗ್ರೂಪಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋಗಳು ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತವೆ. ಅಷ್ಟರಲ್ಲಿ ಒಂದು ಗ್ರಹ ಹಿಡಿಸಬೇಕಲ್ಲ? ಅದಕ್ಕೆ ಇಡೀ ಲೋಕವನ್ನು 32×32 ಮನೆಗಳ ಚೌಕ ಮಾಡಿ, ಪ್ರತಿ ಮನೆಯಲ್ಲೂ ಒಂದು ಕೋಣೆಯ ನಂಬರ್ ಇಟ್ಟರು. ಅದೇ ಕೋಣೆ ಹಲವು ಮನೆಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಪ್ರೋಗ್ರಾಮರ್ ಕಣ್ಣಿಗೆ ಅದು ಜಾಣತನ. ಆಡುವವನಿಗೆ ಮಾತ್ರ ನರಕ. "ಈ ಜಾಗ ಆಗಲೇ ನೋಡಿದ್ದೆನಾ?" ಅನ್ನೋ ಪ್ರಶ್ನೆಗೆ ಉತ್ತರವೇ ಸಿಗಲ್ಲ. ಮೇಲಾಗಿ ಸತ್ತು ಮತ್ತೆ ಶುರು ಮಾಡಿದಾಗಲೆಲ್ಲ ಕೈಗೆ ಸಿಗೋದು 30 ಎನರ್ಜಿ ಮಾತ್ರ. ಪೈಪಿನಿಂದ ಹೊರಬರುವ ಸಣ್ಣ ಹುಳುಗಳನ್ನು ಹೊಡೆದು ಹೊಡೆದು ಅದನ್ನು ತುಂಬಿಸಿಕೊಳ್ಳಬೇಕು. ಹುಡುಕಾಟ ನಿಂತು ಕೂಲಿಕೆಲಸ ಶುರುವಾಗುತ್ತೆ.

1991: ನೀರು ಇಳಿದಂತೆ ದಾರಿ

ಎರಡನೇ ಮೆಟ್ರಾಯ್ಡ್ ಬಂದದ್ದು 1991ರಲ್ಲಿ, ಗೇಮ್ ಬಾಯ್ ಅನ್ನೋ ಕೈಲಿ ಹಿಡಿಯುವ ಪುಟ್ಟ ಯಂತ್ರಕ್ಕೆ. ಬಣ್ಣ ಇಲ್ಲದ ಸಣ್ಣ ಪರದೆ, ಅಲ್ಲಿ ದಾರಿ ತಪ್ಪಿದರೆ ಮೊದಲಿಗಿಂತ ಕಷ್ಟ. ಅದಕ್ಕೆ ತಂಡ ಒಂದು ಸರಳ ಉಪಾಯ ಮಾಡಿತು. ಪರದೆಯ ಮೂಲೆಯಲ್ಲಿ 39 ಅಂತ ಒಂದು ಸಂಖ್ಯೆ, ಅಂದರೆ ಕೊಲ್ಲಬೇಕಾದ ಮೆಟ್ರಾಯ್ಡ್‌ಗಳ ಲೆಕ್ಕ. ಒಂದು ಭಾಗದಲ್ಲಿರುವ ಅಷ್ಟನ್ನೂ ಕೊಂದರೆ ನೆಲ ಗುಡುಗುತ್ತೆ, ಕೆಳಗಿನ ದಾರಿ ಮುಚ್ಚಿದ್ದ ಕುದಿಯುವ ದ್ರವ ಇಳಿಯುತ್ತೆ, ಮುಂದಿನ ಭಾಗ ಕಾಣಿಸುತ್ತೆ.

ಕೆರೆ ಬತ್ತಿದಂತೆ ಮೆಟ್ಟಿಲು ಒಂದೊಂದಾಗಿ ಕಾಣಿಸುತ್ತಲ್ಲ, ಹಾಗೆ. ಅಲೆಯೋಕೆ ಜಾಗ ಇದೆ, ಆದರೆ ಒಂದು ಸಲಕ್ಕೆ ಒಂದು ಭಾಗ ಮಾತ್ರ. ಇಲ್ಲಿ ಹದ ಸಿಕ್ಕಿತು. ಕಳೆದುಕೊಂಡದ್ದೂ ಇದೆ: ಎಲ್ಲೋ ನೋಡಿದ ಬೀಗಕ್ಕೆ ಎಷ್ಟೋ ಹೊತ್ತಿನ ಮೇಲೆ ವಾಪಸ್ ಬರುವ ಖುಷಿ ಇಲ್ಲಿ ಕಡಿಮೆ. ದಾರಿ ಒಟ್ಟಾರೆ ಕೆಳಕ್ಕೇ ಹೋಗುತ್ತೆ.

1994: ಗಾಜಿನ ಕೊಳವೆ

ಈಗ ನನ್ನ ಕಥೆ. ಎಂಟೆಕ್ ಮೊದಲ ವರ್ಷ, ಹಾಸ್ಟೆಲ್ ಲ್ಯಾನ್‌ನಲ್ಲಿ ಯಾರೋ ಎಮ್ಯುಲೇಟರ್ ಹಂಚಿದ್ದರು. ಅದರಲ್ಲಿ ಸೂಪರ್ ಮೆಟ್ರಾಯ್ಡ್ ಸಿಕ್ಕಿತು. 1994ರ ಮಾರ್ಚಿನಲ್ಲಿ ಜಪಾನಿನಲ್ಲಿ ಬಂದ ಗೇಮ್, ನಿರ್ದೇಶಕ ಯೋಶಿಯೋ ಸಕಾಮೊಟೊ. 24 ಮೆಗಾಬಿಟ್ ಕಾರ್ಟ್ರಿಡ್ಜ್, ಅಂದರೆ 3 ಎಂಬಿ. ಆಗಿನ ಕಾಲಕ್ಕೆ ತುಂಬಾ ದೊಡ್ಡದು.

ಸೇಮಸ್ ಮತ್ತೆ ಜ಼ೆಬಿಸ್‌ಗೆ ಇಳಿಯುತ್ತಾಳೆ. ಮಳೆ. ಒಂದು ಹುಳವೂ ಇಲ್ಲ. ಮೊದಲ ಗೇಮ್‌ನಲ್ಲಿ ನಾಶ ಮಾಡಿದ್ದ ಜಾಗದ ಪಾಳುಬಿದ್ದ ಕೋಣೆಗಳನ್ನು ದಾಟಿ ಕೆಳಗೆ ಹೋಗುತ್ತೀರಿ. ಪೂರ್ತಿ ಮೌನ. ಕೆಳಗೆ ಲಿಫ್ಟ್ ಇಳಿದರೆ ಮಾರ್ಫ್ ಬಾಲ್ ಮತ್ತೆ ಎಡಗಡೆಯೇ ಇದೆ, ಎಂಟು ವರ್ಷದ ಹಿಂದೆ ಇದ್ದ ಹಾಗೇ. ಅದನ್ನು ತೆಗೆದುಕೊಂಡ ಮೇಲೆ ಗೋಡೆಯ ಮೇಲಿನ ಒಂದು ಯಾಂತ್ರಿಕ ಕಣ್ಣು ನಿಮ್ಮ ಕಡೆ ತಿರುಗಿ ಬೆಳಕು ಚೆಲ್ಲುತ್ತೆ. ಮಿಸೈಲ್ ಸಿಕ್ಕ ಮೇಲೆ ಬಂದ ದಾರಿಯಲ್ಲೇ ವಾಪಸ್ ಹೋದರೆ ಅದೇ ಖಾಲಿ ಕೋಣೆಗಳಲ್ಲಿ ಈಗ ಶತ್ರುಗಳು. ಒಂದು ಅಕ್ಷರದ ಮಾತಿಲ್ಲದೆ ಗೇಮ್ ಹೇಳಿದ್ದು ಇಷ್ಟು: ನೋಡಿದ ಜಾಗ ನೋಡಿ ಮುಗಿದ ಜಾಗ ಅಲ್ಲ.

ಇಲ್ಲಿ ಮ್ಯಾಪ್ ಇದೆ, ನಡೆದಂತೆ ತಾನೇ ತುಂಬುತ್ತೆ. ಬಾಗಿಲುಗಳಿಗೆ ಬಣ್ಣ ಇದೆ: ಕೆಂಪಿಗೆ ಮಿಸೈಲ್, ಹಸಿರಿಗೆ ಸೂಪರ್ ಮಿಸೈಲ್, ಹಳದಿಗೆ ಪವರ್ ಬಾಂಬ್. ಹಳದಿ ಬಾಗಿಲು ನೋಡಿ ವಾಪಸ್ ಬಂದವನ ತಲೆಯಲ್ಲಿ ಅದು ಸಾಲದ ಚೀಟಿಯ ಹಾಗೆ ಉಳಿಯುತ್ತೆ.

ಆದರೆ ನಿಜವಾದ ಜಾಣತನ ಕಣ್ಣಿಗೆ ಕಾಣದ ಕಡೆ ಇದೆ. ಕೆಲವು ಕಡೆ ನೀವು ಬಾವಿಯಂಥ ಉದ್ದ ಕೋಣೆಗೆ ಇಳಿದುಬಿಡುತ್ತೀರಿ, ಸುಲಭಕ್ಕೆ ಮೇಲೇರೋಕೆ ಆಗಲ್ಲ. ಸಿಕ್ಕಿಹಾಕಿಕೊಂಡೆ ಅಂತ ಗಾಬರಿ ಆಗುತ್ತೆ. ನಿಜಕ್ಕೂ ಆಗಿರೋದು ಏನಂದ್ರೆ, ಡಿಸೈನರ್ ಹಿಂದಿನ ಬಾಗಿಲನ್ನು ಸದ್ದಿಲ್ಲದೆ ಹಾಕಿ, ನೀವು ಹುಡುಕಬೇಕಾದ ಜಾಗವನ್ನು ಹತ್ತು ಹನ್ನೆರಡು ಕೋಣೆಗೆ ಇಳಿಸಿದ್ದಾನೆ. ಇಡೀ ಗ್ರಹದಲ್ಲಿ ಕಳೆದುಹೋದೆ ಅಂತ ನಿಮಗೆ ಅನಿಸುತ್ತೆ, ಕಳೆದುಹೋಗಿರೋದು ಒಂದು ಸಣ್ಣ ವಠಾರದಲ್ಲಿ.

ಹಾಗಂತ ಎಲ್ಲ ಕಡೆಯೂ ಹಾಗಲ್ಲ. ಬ್ರಿನ್‌ಸ್ಟಾರ್ ಭಾಗದಲ್ಲಿ ಒಂದು ಗಾಜಿನ ಕೊಳವೆ ಬರುತ್ತೆ. ಅದರೊಳಗೆ ನಡೆದು ಹೋಗುವಾಗ ಹೊರಗೆ ನೀರು ತುಂಬಿದ ಬೇರೊಂದು ಲೋಕ ಕಾಣಿಸುತ್ತೆ. ನಾನು ಆ ಕೊಳವೆಯನ್ನು ಎಷ್ಟು ಸಲ ದಾಟಿದ್ದೆನೋ ಲೆಕ್ಕ ಇಲ್ಲ. ಒಂದು ಹಂತದಲ್ಲಿ ಎಲ್ಲ ದಾರಿಯೂ ಮುಗಿಯಿತು. ಎರಡು ದಿನ, ಅಸೈನ್‌ಮೆಂಟ್ ಬಿಟ್ಟು, ಗೋಡೆ ಗೋಡೆಗೂ ಬಾಂಬ್ ಇಟ್ಟೆ. ರೂಮ್‌ಮೇಟ್ ಗದಗಿನವನು, ಹಿಂದೆ ಕೂತು ನೋಡ್ತಿದ್ದ. "ಅಲ್ಲೋ, ಅದು ಗಾಜು ಐತಲ್ಲ, ಗಾಜು ಒಡಿಯಂಗಿಲ್ಲೇನು?" ಅಂದ. ಕೊಳವೆಯ ಮಧ್ಯ ನಿಂತು ಪವರ್ ಬಾಂಬ್ ಇಟ್ಟೆ. ಗಾಜಿಗೆ ಬಿರುಕು ಬಿಟ್ಟು, ಇಡೀ ಕೊಳವೆ ಪುಡಿಪುಡಿ ಆಯಿತು. ಅಷ್ಟು ದಿನ ಗಾಜಿನಾಚೆ ನೋಡಿದ್ದ ಮರಿಡಿಯಾ ಅನ್ನೋ ಲೋಕದೊಳಗೇ ನಾನು ನಿಂತಿದ್ದೆ. ಇಬ್ಬರೂ ಕೂಗಿದ ಕೂಗಿಗೆ ಪಕ್ಕದ ರೂಮಿನವರು ಬಾಗಿಲು ಬಡಿದರು.

ಆ ಎರಡು ದಿನ ಬೇಜಾರಾಗಿತ್ತಾ? ಆಗಿತ್ತು. ಆದರೆ ಆ ಎರಡು ದಿನ ಇಲ್ಲದಿದ್ದರೆ ಆ ಕೂಗು ಇರುತ್ತಿರಲಿಲ್ಲ.

ಹೊಸ ಊರಿಗೆ ಕೆಲಸಕ್ಕೆ ಬಂದ ನಮಗೆ ಇದು ಗೊತ್ತಿರುವ ಅನುಭವವೇ. ಮೊದಲ ತಿಂಗಳು ಪಿಜಿಯಿಂದ ಆಫೀಸಿಗೆ ಒಂದು ದಾರಿ, ಭಾನುವಾರ ದೋಸೆ ಸಿಗುವ ಹೋಟೆಲಿಗೆ ಇನ್ನೊಂದು ದಾರಿ. ತಲೆಯಲ್ಲಿ ಎರಡೂ ಬೇರೆ ಬೇರೆ ಊರು. ಒಂದು ದಿನ ಆಟೋದವನು ಯಾವುದೋ ಗಲ್ಲಿಗೆ ನುಗ್ಗಿಸಿ ಹೊರಬಂದರೆ, ಅರೆ, ಇದು ನಮ್ಮ ಸಿಗ್ನಲ್ಲೇ ಅಲ್ವಾ! ಅವತ್ತಿನಿಂದ ಊರು ಸ್ವಲ್ಪ ನಮ್ಮದಾಗುತ್ತೆ. ಸೂಪರ್ ಮೆಟ್ರಾಯ್ಡ್ ಆ ಗಳಿಗೆಯನ್ನು ಬೇಕಂತಲೇ ಕಟ್ಟಿ, ಸರಿಯಾದ ಹೊತ್ತಿಗೆ ಕೊಡುತ್ತೆ.

ಸ್ವಲ್ಪ ಇಂಜಿನಿಯರಿಂಗ್

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಗ್ರಾಫ್. ಕೋಣೆಗಳು ನೋಡ್, ದಾರಿಗಳು ಎಡ್ಜ್. ಕೆಲವು ಎಡ್ಜ್‌ಗಳಿಗೆ ಶರತ್ತು ಇದೆ: ಈ ವಸ್ತು ಕೈಲಿದ್ದರೆ ಮಾತ್ರ ದಾಟಬಹುದು. ಯಾವುದೇ ಗಳಿಗೆಯಲ್ಲಿ ನೀವು ತಲುಪಬಲ್ಲ, ಆದರೆ ಇನ್ನೂ ಹೋಗಿ ನೋಡದ ಎಡ್ಜ್ ಎಷ್ಟಿವೆ? ಅದೊಂದೇ ಇದ್ದರೆ ಅದು ಓಣಿ, ಮಾರಿಯೋ ಆಗುತ್ತೆ. ಮೂವತ್ತಿದ್ದರೆ ಸಂತೆಯಲ್ಲಿ ಕೈಬಿಟ್ಟ ಮಗುವಿನ ಪಾಡು. ಮೂರೋ ನಾಲ್ಕೋ ಇದ್ದು, ಅದರಲ್ಲಿ ಒಂದು ಮುಂದಕ್ಕೆ, ಉಳಿದವು ಸಣ್ಣ ಉಡುಗೊರೆಗೆ ಕರೆದೊಯ್ದರೆ ಆಟ ಹದವಾಗಿದೆ ಅಂತ.

ಇದಕ್ಕೆ ಒಳ್ಳೆ ಪರೀಕ್ಷೆ ಅಭಿಮಾನಿಗಳು ಮಾಡಿದ ರಾಂಡಮೈಸರ್‌ಗಳು. ಸೂಪರ್ ಮೆಟ್ರಾಯ್ಡ್‌ನ ವಸ್ತುಗಳನ್ನೆಲ್ಲ ಕಲಸಿ ಬೇರೆ ಬೇರೆ ಜಾಗದಲ್ಲಿ ಇಡುವ ಪ್ರೋಗ್ರಾಂ. ಇಂಥ ಪ್ರೋಗ್ರಾಂಗಳಲ್ಲಿ ಬಳಸುವ ಒಂದು ವಿಧಾನ ಚೆನ್ನಾಗಿದೆ: ಆಟಗಾರನ ಕೈಲಿ ಎಲ್ಲ ವಸ್ತುವೂ ಇದೆ ಅಂತ ಊಹಿಸಿಕೊಂಡು ಶುರು ಮಾಡೋದು. ಒಂದೊಂದೇ ವಸ್ತು ಕಿತ್ತುಕೊಂಡು, ಉಳಿದ ವಸ್ತುಗಳಿಂದ ತಲುಪಬಹುದಾದ ಯಾವುದಾದರೂ ಜಾಗದಲ್ಲಿ ಅದನ್ನು ಇಡೋದು. ಕೊನೆಗೆ ಸಿಗುವ ಗೇಮ್ ಮುಗಿಸೋಕೆ ಸಾಧ್ಯ ಅಂತ ಖಾತ್ರಿ.

ನಾನೂ ಆಡಿದ್ದೇನೆ, ಮಜಾ ಇದೆ. ಆದರೆ ಮೊದಲ ಸಲ ಗೇಮ್ ಆಡುವವನಿಗೆ ಯಾರೂ ಅದನ್ನು ಕೊಡಲ್ಲ. ಯಾಕಂದ್ರೆ ಅಲ್ಲಿ ಹಳದಿ ಬಾಗಿಲು ನೋಡುವ ಮೊದಲೇ ಪವರ್ ಬಾಂಬ್ ಸಿಕ್ಕಿಬಿಡಬಹುದು. ಬೀಗ ನೋಡುವ ಮೊದಲೇ ಬೀಗದಕೈ ಜೇಬಲ್ಲಿದ್ದರೆ ಅದು ಬೀಗವೇ ಅಲ್ಲ, ಬರೀ ಬಾಗಿಲು. ಮುಗಿಸಬಹುದಾದ ಗೇಮ್ ಕಟ್ಟೋದು ಕಂಪ್ಯೂಟರ್‌ಗೆ ಸಾಧ್ಯ. ಯಾವ ಬೀಗ ಎಷ್ಟು ಮುಂಚೆ ಕಣ್ಣಿಗೆ ಬೀಳಬೇಕು ಅನ್ನೋದು ಮನುಷ್ಯರು ಕೂತು ತೂಗಿ ನೋಡಬೇಕಾದ ಕೆಲಸ.

1997: ಕೋಟೆಯೊಳಗೆ ಇನ್ನೊಂದು ಕೋಟೆ

ಹೆಸರಿನ ಇನ್ನರ್ಧ ಬಂದದ್ದು ಕೊನಾಮಿ ಕಂಪನಿಯ ಕ್ಯಾಸಲ್‌ವೇನಿಯಾದಿಂದ. ಅದು ಮೊದಲು ಲೆವೆಲ್ ಲೆವೆಲ್ ದಾಟುವ ಗೇಮ್ ಸರಣಿ. 1997ರ ಮಾರ್ಚಿನಲ್ಲಿ ಪ್ಲೇಸ್ಟೇಷನ್‌ಗೆ ಬಂದ ಸಿಂಫನಿ ಆಫ್ ದ ನೈಟ್ ಅದನ್ನು ಬದಲಿಸಿತು. ಅದರಲ್ಲಿ ಕೆಲಸ ಮಾಡಿದ ಕೋಜಿ ಇಗರಾಶಿ ಆಮೇಲೆ ಹೇಳಿಕೊಂಡ ಕಾರಣ ತುಂಬಾ ಪ್ರಾಯೋಗಿಕ: ಲೆವೆಲ್ ಗೇಮ್‌ಗಳನ್ನು ಚೆನ್ನಾಗಿ ಆಡುವವರು ಬೇಗ ಮುಗಿಸಿಬಿಡುತ್ತಾರೆ, ಬಾರದವರು ಅರ್ಧಕ್ಕೇ ಕೈಬಿಡುತ್ತಾರೆ, ಎರಡೂ ಕಡೆಯವರ ಹತ್ತಿರ ಗೇಮ್ ಹೆಚ್ಚು ದಿನ ಉಳಿಯಲ್ಲ. ಹೆಚ್ಚು ಕಾಲ ಆಡುವಂಥದ್ದು ಬೇಕಿತ್ತು. ತನಗೆ ಮಾದರಿ ಮೆಟ್ರಾಯ್ಡ್‌ಗಿಂತ ಜ಼ೆಲ್ಡಾ ಅಂತಲೂ ಅವರು ಹೇಳಿದ್ದಾರೆ. ಆದರೂ ಅಭಿಮಾನಿಗಳು ಎರಡು ಹೆಸರನ್ನೂ ಸೇರಿಸಿ ಮೆಟ್ರಾಯ್ಡ್‌ವೇನಿಯಾ ಅಂದರು, ಅದೇ ನಿಂತಿತು.

ಇಲ್ಲಿ ಹದದ ಲೆಕ್ಕವೇ ಬೇರೆ. ಶತ್ರುಗಳನ್ನು ಹೊಡೆದಂತೆ ನಾಯಕ ಆಲುಕಾರ್ಡ್‌ನ ಬಲ ಹೆಚ್ಚುತ್ತೆ, ಹಾಗಾಗಿ ಬರೀ ಅಲೆದಾಡಿದರೂ ಏನೋ ಒಂದು ಕೂಡಿಸಿಕೊಂಡಂತೆ. ದಾರಿ ತಪ್ಪಿದ ಸಮಯ ದಂಡವಾಗಲ್ಲ. ಶುರುವಿನಲ್ಲಿ ಒಳ್ಳೆ ಕತ್ತಿ, ಕವಚ ಎಲ್ಲ ಇದ್ದು, ಸ್ವಲ್ಪ ದೂರ ಹೋದ ಮೇಲೆ ಸಾವೇ ಎದುರು ಬಂದು ಎಲ್ಲವನ್ನೂ ಕಿತ್ತುಕೊಳ್ಳುತ್ತೆ. ಊಟದ ರುಚಿ ತೋರಿಸಿ ಎಲೆ ಎಳೆದುಕೊಂಡಂತೆ.

ಕೋಟೆಯ ಕೊನೆಗೆ ರಿಕ್ಟರ್ ಅನ್ನುವವನ ಜೊತೆ ಹೋರಾಟ. ಅವನನ್ನು ಕೊಂದರೆ ಗೇಮ್ ಮುಗಿಯುತ್ತೆ, ಹೆಸರುಗಳು ಮೇಲೇರುತ್ತವೆ. ಆದರೆ ಕೋಟೆಯೊಳಗೆ ಸರಿಯಾಗಿ ಹುಡುಕಿ ಎರಡು ಉಂಗುರ ತಂದು, ಗಡಿಯಾರದ ಕೋಣೆಯಲ್ಲಿ ದಾರಿ ತೆಗೆಸಿ, ಅಲ್ಲಿ ಕನ್ನಡಕ ಪಡೆದು ಬಂದವನಿಗೆ ಮಾತ್ರ ರಿಕ್ಟರ್‌ನ ಮೇಲೆ ತೇಲುತ್ತಿರುವ ಗೋಳ ಕಾಣಿಸುತ್ತೆ. ಅವನನ್ನು ಬಿಟ್ಟು ಗೋಳವನ್ನು ಹೊಡೆದರೆ ಆಕಾಶದಲ್ಲಿ ಇಡೀ ಕೋಟೆ ತಲೆಕೆಳಗಾಗಿ ಇಳಿದುಬರುತ್ತೆ. ಇನ್ನರ್ಧ ಗೇಮ್ ಅಲ್ಲಿದೆ. ಎರಡೂ ಕೋಟೆ ಪೂರ್ತಿ ನೋಡಿದರೆ ಮ್ಯಾಪ್ 200.6 ಪರ್ಸೆಂಟ್ ತೋರಿಸುತ್ತೆ.

ಯೋಚಿಸಿ ನೋಡಿ. ಅರ್ಧ ಕೆಲಸವನ್ನು, ಎಷ್ಟು ಜನರ ಎಷ್ಟು ತಿಂಗಳ ದುಡಿಮೆಯನ್ನು, ಕೆಲವರು ನೋಡದೇ ಹೋಗಬಹುದು ಅಂತ ಗೊತ್ತಿದ್ದೂ ಮುಚ್ಚಿಟ್ಟರು. ನಮ್ಮ ಆಫೀಸ್‌ಗಳಲ್ಲಿ ಇದನ್ನು ಮೀಟಿಂಗ್‌ನಲ್ಲಿ ಹೇಳಿದರೆ ಏನಾಗುತ್ತೆ? ಹೊಸ ಫೀಚರ್‌ಗೆ ನಾಲ್ಕು ಕಡೆ ಬಾಣದ ಗುರುತು ಹಾಕಿ ಅಂತಾರೆ. ನಾನೇ ಅಂಥ ಬಾಣಗಳನ್ನು ಬರೆದು ಸಂಬಳ ತಗೊಂಡವನು.

2002: ಹೇಳಿಕೊಡುವ ಕಂಪ್ಯೂಟರ್

ಬಾಣಗಳು ಮೆಟ್ರಾಯ್ಡ್‌ಗೂ ಬಂದವು. 2002ರ ನವೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಮೆಟ್ರಾಯ್ಡ್ ಒಟ್ಟಿಗೇ ಬಂದವು. ಒಂದು ಫ್ಯೂಷನ್, ಕೈಯಲ್ಲಿ ಹಿಡಿಯುವ ಗೇಮ್ ಬಾಯ್ ಅಡ್ವಾನ್ಸ್‌ಗೆ. ಅದರಲ್ಲಿ ಒಂದು ಕಂಪ್ಯೂಟರ್ ಪ್ರತಿ ಹಂತದಲ್ಲೂ ಮುಂದೆ ಎಲ್ಲಿಗೆ ಹೋಗಬೇಕು ಅಂತ ಮ್ಯಾಪ್ ಮೇಲೆ ಗುರುತು ಹಾಕುತ್ತೆ, ಬೇಡದ ಬಾಗಿಲು ಹಾಕುತ್ತೆ. ಬಸ್ಸಲ್ಲಿ ಹತ್ತು ನಿಮಿಷ ಆಡಿ ಮುಚ್ಚಿಡುವವನಿಗೆ ಇದರಿಂದ ಅನುಕೂಲ, ಅದನ್ನು ಅಲ್ಲಗಳೆಯಲ್ಲ. ಬೆನ್ನಟ್ಟಿ ಬರುವ ಶತ್ರುವಿನ ಭಯದ ಕಥೆಗೂ ಅದು ಹೊಂದುತ್ತೆ. ಆದರೆ ಹಳೆಯ ಅಭಿಮಾನಿಗಳಿಗೆ ಕೈಹಿಡಿದು ನಡೆಸಿದಂತೆ ಅನಿಸಿತು.

ಇನ್ನೊಂದು ಪ್ರೈಮ್, ಅಮೆರಿಕದ ಟೆಕ್ಸಾಸ್‌ನ ರೆಟ್ರೋ ಸ್ಟುಡಿಯೋಸ್ ಮಾಡಿದ್ದು, ಮೊದಲ ಸಲ ಮೂರು ಆಯಾಮದಲ್ಲಿ. ಅಲ್ಲಿ ಬಹಳ ಹೊತ್ತು ಅಲೆದರೆ ಒಂದು ಸುಳಿವು ಬರುತ್ತೆ, ಬೇಡ ಅನಿಸಿದರೆ ಅದನ್ನು ಆಫ್ ಮಾಡಬಹುದು. ಈ ಪ್ರೈಮ್‌ನಲ್ಲೇ ಆಟಗಾರರು ಜಿಗಿತದ ವಸ್ತುವನ್ನು ಡಿಸೈನರ್ ಅಂದುಕೊಂಡದ್ದಕ್ಕಿಂತ ಮುಂಚೆಯೇ ಪಡೆಯುವ ದಾರಿ ಕಂಡುಹಿಡಿದರು. ಹೀಗೆ ಕ್ರಮ ಮುರಿಯೋದಕ್ಕೆ ಸೀಕ್ವೆನ್ಸ್ ಬ್ರೇಕಿಂಗ್ ಅನ್ನೋ ಹೆಸರು ಬಳಕೆಗೆ ಬಂದದ್ದು ಆಗಲೇ. ಪ್ರೈಮ್‌ನ ನಂತರದ ಪ್ರತಿಗಳಲ್ಲಿ ಇಂಥ ಕೆಲವು ಸಂದುಗಳನ್ನು ಮುಚ್ಚಿದರು. ಫ್ಯೂಷನ್‌ನಲ್ಲಿ ಮಾತ್ರ ತಮಾಷೆ ನೋಡಿ: ಅಷ್ಟು ಬಿಗಿಯಾದ ಗೇಮ್‌ನಲ್ಲೂ ತುಂಬಾ ಕಷ್ಟದ ಒಂದು ಜಿಗಿತದಿಂದ ಕ್ರಮ ಮುರಿದು ಹೋದವರಿಗೆ ಮಾತ್ರ ಕೇಳಿಸುವ ಒಂದು ಗುಟ್ಟಿನ ಸಂಭಾಷಣೆ ಇಟ್ಟಿದ್ದಾರೆ. ನೀನು ಇಲ್ಲಿಗೂ ಬರ್ತೀಯ ಅಂತ ನಮಗೆ ಗೊತ್ತಿತ್ತು ಅಂದಂತೆ.

ಸೂಪರ್ ಮೆಟ್ರಾಯ್ಡ್‌ನಲ್ಲಿ ಇದು ಇನ್ನೂ ಚೆಂದ ಇತ್ತು. ಗೋಡೆಯಿಂದ ಗೋಡೆಗೆ ನೆಗೆದು ಮೇಲೇರುವ ವಿದ್ಯೆ ಸೇಮಸ್‌ಗೆ ಮೊದಲ ನಿಮಿಷದಿಂದಲೇ ಇದೆ. ಯಾರೂ ಹೇಳಲ್ಲ ಅಷ್ಟೇ. ಎಷ್ಟೋ ಹೊತ್ತಿನ ಮೇಲೆ ಒಂದು ಗುಂಡಿಯಲ್ಲಿ ಮೂರು ಪುಟ್ಟ ಪ್ರಾಣಿಗಳು ಹಾಗೆ ನೆಗೆದು ತೋರಿಸುತ್ತವೆ. ಬೀಗದಕೈ ಯಾವಾಗಲೂ ನಿಮ್ಮ ಹತ್ತಿರವೇ ಇತ್ತು, ಗೊತ್ತಿರಲಿಲ್ಲ. ಎರಡನೇ ಸಲ ಆಡುವಾಗ ಅದೇ ಗ್ರಹ ಬೇರೆ ಗ್ರಹ.

ಮ್ಯಾಪ್ ಮಾರುವವನು

ಆಮೇಲೆ ಕೆಲವು ವರ್ಷ ದೊಡ್ಡ ಕಂಪನಿಗಳಿಗೆ ಈ ಜಾತಿಯ ಮೇಲೆ ಆಸಕ್ತಿ ಕಡಿಮೆಯಾಯಿತು. ಬೆಂಕಿ ಆರದಂತೆ ಕಾದವರು ಒಂಟಿ ಕೆಲಸಗಾರರು. ಜಪಾನಿನ ಡೈಸುಕೆ ಅಮಾಯಾ ಬಿಡುವಿನಲ್ಲಿ ಐದು ವರ್ಷ ಒಬ್ಬರೇ ಕೂತು ಮಾಡಿದ ಕೇವ್ ಸ್ಟೋರಿ 2004ರಲ್ಲಿ ಉಚಿತವಾಗಿ ಬಂತು. ಅಮೆರಿಕದ ಟಾಮ್ ಹ್ಯಾಪ್ ಹೆಚ್ಚುಕಡಿಮೆ ಒಬ್ಬರೇ ಮಾಡಿದ ಆಕ್ಸಿಯಮ್ ವರ್ಜ್ 2015ರಲ್ಲಿ.

2017ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡ ಹಾಲೋ ನೈಟ್ ತಂದಿತು. ಜನರಿಂದ ಕಿಕ್‌ಸ್ಟಾರ್ಟರ್‌ನಲ್ಲಿ ಕೂಡಿಸಿದ ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್‌ಗಳ ಬೆಂಬಲದಿಂದ ಶುರುವಾದ ಕೆಲಸ. ಅವರು ಮ್ಯಾಪ್ ಅನ್ನೋದನ್ನೇ ಬೀಗದಕೈ ಮಾಡಿದರು. ಹೊಸ ಜಾಗಕ್ಕೆ ಹೋದಾಗ ಕೈಲಿ ಏನೂ ಇಲ್ಲ. ಎಲ್ಲೋ ಗುನುಗುವ ದನಿ ಕೇಳಿಸುತ್ತೆ, ನೆಲದ ಮೇಲೆ ಕಾಗದದ ಹಾಳೆ ಬಿದ್ದಿರುತ್ತವೆ. ಅದನ್ನು ಹಿಡಿದು ಹೋದರೆ ಕಾರ್ನಿಫರ್ ಅನ್ನುವ ಮ್ಯಾಪ್ ಬರೆಯುವವನು ಸಿಗುತ್ತಾನೆ. ಅವನಿಗೆ ದುಡ್ಡು ಕೊಟ್ಟರೆ ಅರೆಬರೆ ಮ್ಯಾಪ್ ಕೊಡುತ್ತಾನೆ. ಉಳಿದದ್ದನ್ನು ತುಂಬಿಸೋಕೆ ಅವನ ಹೆಂಡತಿಯ ಅಂಗಡಿಯಲ್ಲಿ ಗರಿಯ ಲೇಖನಿ ಕೊಳ್ಳಬೇಕು. ಅಷ್ಟಾದರೂ ನಡೆದ ದಾರಿ ಮ್ಯಾಪ್ ಮೇಲೆ ಬರೋದು ಬೆಂಚಿನ ಮೇಲೆ ಕೂತಾಗ ಮಾತ್ರ. ನೀವು ಎಲ್ಲಿದ್ದೀರಿ ಅಂತ ತೋರಿಸೋಕೆ ಬೇರೆ ತಾಯಿತ ಬೇಕು, ಅದನ್ನು ಕಟ್ಟಿಕೊಂಡರೆ ಇನ್ನೊಂದು ತಾಯಿತಕ್ಕೆ ಜಾಗ ಕಡಿಮೆ.

ಹಾಗಾಗಿ ಪ್ರತಿ ಹೊಸ ಜಾಗದಲ್ಲೂ ಒಂದೇ ಲಯ: ಮೊದಲು ಕುರುಡು ಅಲೆದಾಟ, ಆಮೇಲೆ ಅರ್ಧ ಮ್ಯಾಪ್, ಆಮೇಲೆ ಬೆಂಚು. 1986ರ ಭಯವನ್ನೂ 1994ರ ಸಮಾಧಾನವನ್ನೂ ಅವರು ಒಂದರ ಹಿಂದೆ ಒಂದು ಇಟ್ಟರು. ಇದರ ಮುಂದಿನ ಭಾಗ ಸಿಲ್ಕ್‌ಸಾಂಗ್ 2019ರಲ್ಲಿ ಘೋಷಣೆಯಾಗಿ ಬಂದದ್ದು 2025ರ ಸೆಪ್ಟೆಂಬರ್ 4ರಂದು. ಅವತ್ತು ಕೊಳ್ಳೋಕೆ ಮುಗಿಬಿದ್ದವರಿಂದ ದೊಡ್ಡ ದೊಡ್ಡ ಆನ್‌ಲೈನ್ ಅಂಗಡಿಗಳೇ ಸ್ವಲ್ಪ ಹೊತ್ತು ನಿಂತುಹೋದವು.

ಫ್ರಾನ್ಸಿನ ಮೊಂಪೆಲಿಯೇಯಲ್ಲಿ ತಯಾರಾಗಿ 2024ರ ಜನವರಿಯಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾದ ಲಾಸ್ಟ್ ಕ್ರೌನ್ ಗೇಮ್‌ನ ಒಂದು ಉಪಾಯ ಹೇಳಿ ಮುಗಿಸುತ್ತೇನೆ. ದಾಟೋಕೆ ಆಗದ ಜಾಗ ಕಂಡರೆ ಅದರ ಫೋಟೋ ತೆಗೆದು ಮ್ಯಾಪ್ ಮೇಲೆ ಅಂಟಿಸಬಹುದು. ಮುಂದಿನ ಗುರಿ ತೋರಿಸು ಅಂತಲೋ ತೋರಿಸಬೇಡ ಅಂತಲೋ ಶುರುವಿನಲ್ಲೇ ಆರಿಸಿಕೊಳ್ಳಬಹುದು. ಕೆಲಸ, ಮನೆ, ಮಕ್ಕಳ ಮಧ್ಯೆ ವಾರಕ್ಕೊಮ್ಮೆ ಆಡುವ ನಮ್ಮಂಥವರಿಗೆ ಆ ಫೋಟೋ ದೊಡ್ಡ ಉಪಕಾರ. ಉತ್ತರವನ್ನು ಅದು ಹೇಳಲ್ಲ. ಪ್ರಶ್ನೆ ಮರೆಯದಂತೆ ಕಾಯುತ್ತೆ.

ಹುಡುಗನ ವಿಷಯ

ಈಗ ನನ್ನ ತಪ್ಪು ನನಗೆ ಸ್ಪಷ್ಟ ಇದೆ. ಆ ದುಂಡು ಹುಳ ಹುಡುಗನಿಗೆ ಸಿಕ್ಕ ಮೊದಲ ಬೀಗ. ಅದನ್ನು ಅವನು ತಲೆಯಲ್ಲಿ ಹೊತ್ತು ಸ್ವಲ್ಪ ದಿನ ಅಲೆಯಬೇಕಿತ್ತು. ನಾನು ಐದೇ ನಿಮಿಷಕ್ಕೆ ಬೀಗದಕೈ ಕೊಟ್ಟು ಅದನ್ನು ಬರೀ ಬಾಗಿಲು ಮಾಡಿಬಿಟ್ಟೆ. ಇಂಥ ನಾಲ್ಕು ಬಾಗಿಲಿನ ಮೇಲೆ ಅವನಿಗೆ ಅದು ನನ್ನ ಗೇಮ್ ಆಯಿತು. ಅದಕ್ಕೇ ಕಂಟ್ರೋಲರ್ ವಾಪಸ್ ಕೊಟ್ಟ.

ಸಂಕ್ರಾಂತಿಗೆ ಊರಿಗೆ ಹೋದಾಗ ಭಾವನ ಹಳೇ ಲ್ಯಾಪ್‌ಟಾಪ್‌ಗೆ ಅದೇ ಗೇಮ್ ಹಾಕಿ, ಮೊದಲಿನಿಂದ ಶುರು ಮಾಡಿ, ಪಕ್ಕದಲ್ಲಿ ಒಂದು ಚೌಕುಳಿ ನೋಟ್‌ಬುಕ್ ಇಟ್ಟೆ. "ಹೋಗೋಕೆ ಆಗದ ಜಾಗ ಸಿಕ್ಕರೆ ಇದರಲ್ಲಿ ಬರ್ಕೋ. ನನ್ನ ಕೇಳ್ಬೇಡ, ಕೇಳಿದ್ರೂ ಹೇಳಲ್ಲ" ಅಂದೆ. ಅಕ್ಕ ಬೈದಳು, ಮಗು ಕೇಳಿದ್ರೆ ಹೇಳೋಕೇನು ಧಾಡಿ ಅಂತ.

ಐದು ವಾರ ಸುದ್ದಿ ಇಲ್ಲ. ಬಿಟ್ಟುಬಿಟ್ಟ ಅಂದುಕೊಂಡೆ. ಒಂದು ರಾತ್ರಿ ಹತ್ತು ಗಂಟೆಗೆ ಅಕ್ಕನ ನಂಬರಿಂದ ಫೋನ್. ಗೋಡೆ ಹಿಡಿದು ಹತ್ತುವ ಮ್ಯಾಂಟಿಸ್ ಕ್ಲಾ ಅವನಿಗೆ ಸಿಕ್ಕಿತ್ತು. ಉಸಿರು ಬಿಡದೆ ಮಾತಾಡ್ತಿದ್ದ. "ಮಾಮ, ನೋಟ್‌ಬುಕ್ಕಲ್ಲಿ ಹನ್ನೊಂದು ಕಡೆ 'ಎತ್ತರ, ಆಗಲ್ಲ' ಅಂತ ಬರ್ದಿದ್ದೆ. ಹನ್ನೊಂದಕ್ಕೂ ಈಗ ಆಗುತ್ತೆ!"

ಆ ಹನ್ನೊಂದರಲ್ಲಿ ಯಾವುದರ ಹಿಂದೆ ಏನಿದೆ ಅಂತ ನನಗೆ ಹೆಚ್ಚುಕಡಿಮೆ ಗೊತ್ತು. ನಾಲಿಗೆ ತುದಿಗೆ ಬಂದಿತ್ತು. "ಮೊದಲು ಎಲ್ಲಿಗೆ ಹೋಗ್ತೀಯ?" ಅಂತ ಮಾತ್ರ ಕೇಳಿದೆ.

"ಹೇಳಲ್ಲ" ಅಂದ ಅವನು, ಫೋನ್ ಇಟ್ಟ.

ಸರಿ, ಇವತ್ತಿಗೆ ಇಷ್ಟು. ನಿಮ್ಮನ್ನು ಎರಡು ದಿನ ನಿಲ್ಲಿಸಿಟ್ಟ ಬೀಗ ಯಾವುದು, ಕೊನೆಗೆ ಅದು ಹೇಗೆ ತೆರೆಯಿತು ಅಂತ ಬರೀರಿ. ಉತ್ತರ ಬರೆಯೋ ಮುಂಚೆ ಆ ಗೇಮ್‌ನ ಹೆಸರು ಮೇಲೆ ಹಾಕಿ, ಇನ್ನೂ ಆಡದವರು ಅಲ್ಲೇ ನಿಲ್ಲಲಿ. ಮುಂದಿನ ವಿಡಿಯೋದಲ್ಲಿ ಸಿಗೋಣ.